ಒಂದು ಮಿಲಿಮೀಟರಿನ ತೂತು

ಶನಿವಾರ. ಅಮ್ಮತ್ತಿಯ ಆರೋಗ್ಯ ಕೇಂದ್ರದ ಹಿಂದಿನ ಕೋಣೆ.
ಇವತ್ತು ಇಲ್ಲಿ ಕಾಯಿಲೆಯವರಿಗೆ ಜಾಗವಿಲ್ಲ.
ಕೆಮ್ಮಿದರೆ ವಾಪಸು. ಬೀಡಿ ಎಂದರೆ ವಾಪಸು.
ಗಟ್ಟಿಮುಟ್ಟಾದವರ ಉಸಿರಿನಿಂದ
ಒಂದು ಸೂತ್ರ ಕಟ್ಟಬೇಕಂತೆ:
ವಯಸ್ಸು ಇಷ್ಟು, ಎತ್ತರ ಇಷ್ಟು, ಗಂಡೋ ಹೆಣ್ಣೋ,
ಹಾಗಾದರೆ ಈ ಎದೆ ಇಷ್ಟು ಸೆಳೆದೀತು.

ಮೂಗಿಗೆ ಕ್ಲಿಪ್ಪು. ತುಟಿಗೆ ಕೊಳವೆ.
ಕೊಳವೆಯ ಪಕ್ಕೆಯಲ್ಲಿ ಒಂದು ಮಿಲಿಮೀಟರಿನ ತೂತು,
ಕೆನ್ನೆ ಮೋಸ ಮಾಡದಿರಲೆಂದು.
ಇದ್ದ ಉಸಿರನ್ನೆಲ್ಲ ಚೆಲ್ಲಿ, ಬರಿದಾಗಿ,
ಮುಚ್ಚಿದ ಬಾಗಿಲನ್ನು ಒಳಗಿನಿಂದ ಎಳೆಯಬೇಕು.
ನಾನು ಕೂಗುತ್ತೇನೆ: ಎಳೀರಿ, ಎಳೀರಿ, ಇನ್ನೂ ಎಳೀರಿ!
ಮಧ್ಯಾಹ್ನಕ್ಕೆ ನನ್ನ ಗಂಟಲು ಕಾಫಿ ಹೊಟ್ಟು.

ತೋಟದವರು ಡೈರಿಯಲ್ಲಿ ಮಳೆಯನ್ನು
ಇಂಚು, ಸೆಂಟು ಅಂತ ಬರೆದಿಡುತ್ತಾರೆ.
ಉಸಿರಿಗೂ ನೀರಿನದೇ ಅಳತೆ; ಸೆಂಟಿಮೀಟರು.

ಹಾಕಿ ಆಡುವ ಕುಟ್ಟಪ್ಪ, ಆರಡಿ ಹುಡುಗ.
ಸೂತ್ರ ಹೇಳಿದ್ದು ನೂರಾ ಇಪ್ಪತ್ತೆಂಟು, ಬಂದದ್ದು ನೂರಾ ನಾಲ್ಕು.
"ನಿನ್ನೆ ರಾತ್ರಿಯೆಲ್ಲ ವಾಲಗಕ್ಕೆ ಕುಣಿದೆ, ಅಕ್ಕಾ."

ಲೈನ್ ಮನೆಯ ಚೋಮಿ, ನಾಲ್ಕಡಿ ಒಂಬತ್ತು.
ವಯಸ್ಸು? "ಹೊಳೆ ಸೇತುವೆ ಕೊಚ್ಚಿಹೋದ ವರ್ಷದ್ದು."
ಐವತ್ತೆರಡು ಎಂದು ನಾನೇ ಬರೆದೆ.
ಸೂತ್ರದ ಪ್ರಕಾರ ಅರವತ್ತೆಂಟು.
ಎಳೆದಳು: ತೊಂಬತ್ತೇಳು. ಊದಿದಳು: ನೂರಾ ಮೂವತ್ತು.
ಯಂತ್ರ ಕೆಟ್ಟಿತೇನೋ ಎಂದು ಬಿಚ್ಚಿ ನೋಡಿದೆ.
"ನಮ್ಮ ಸೌದೆ ಯಾವಾಗಲೂ ಹಸಿ," ಎಂದಳು,
ಊದುಗೊಳವೆ ಹಿಡಿದಂತೆ ಮುಷ್ಟಿ ಬಾಯಿಗಿಟ್ಟು.
ಲೆಕ್ಕದ ಮೇಷ್ಟ್ರು ಫೋನಿನಲ್ಲಿ ಅಂದರು,
ಗೆರೆಯಿಂದ ತುಂಬ ದೂರ ಬಿದ್ದ ಚುಕ್ಕಿ, ಬಿಟ್ಟುಬಿಡಿ.

ಸಂಜೆ, ಎಲ್ಲ ಹೋದ ಮೇಲೆ
ನನ್ನ ಮೂಗಿಗೇ ಕ್ಲಿಪ್ಪು ಸಿಕ್ಕಿಸಿದೆ.
ಸೂತ್ರ: ಎಂಬತ್ತೆರಡು.
ನಾನು: ಅರವತ್ತೊಂದು. ಅರವತ್ತಮೂರು. ಮತ್ತೆ ಅರವತ್ತೊಂದು.
ಮೂರೂ ಹತ್ತಿರ ಹತ್ತಿರ,
ನಿಯಮದಂತೆ ಒಪ್ಪಲೇಬೇಕಾದವು.

ಬರೆದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಚೋಮಿ,
ಮರೆತ ಎಲೆಯಡಿಕೆ ಚೀಲಕ್ಕೆ ಬಂದವಳು.
ನನ್ನ ಮೂಗು ನೋಡಿದಳು. ನಗಲಿಲ್ಲ.
ಚೀಲ ಸೊಂಟಕ್ಕೆ ಸಿಕ್ಕಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು
ಹೆರುವವಳಿಗೆ ಕೂಗುವ ಹಾಗೆ ಕೂಗಿದಳು:
ಎಳಿ ಮಗಾ, ಎಳಿ, ಎಳಿ, ಬಿಡಬೇಡ, ಎಳಿ!

ಎಪ್ಪತ್ತೊಂಬತ್ತು.

ಫಾರಮಿನಲ್ಲಿ ಎತ್ತರಕ್ಕೆ ಕಾಲಂ ಇದೆ, ತೂಕಕ್ಕೂ ಇದೆ.
ಪೆನ್ನು ಹಿಡಿದು ಸುಮ್ಮನೆ ಕೂತೆ.
ಅವಳು ಹೊಸ್ತಿಲಲ್ಲಿ ತಿರುಗಿ ಕೇಳಿದಳು,
"ಅಲ್ಲಾ, ನಂದು ಎಷ್ಟು ಬಂತು
ಅಂತ ನೀನು ಹೇಳಲೇ ಇಲ್ಲವಲ್ಲ?"