ಪಾಸ್‌ಪೋರ್ಟ್ ಸೈಜಿನ ನೊಣ

ಮೂವತ್ತೊಂದು ವರ್ಷ ಬೆಟಗೇರಿಯೊಳಗ ಸ್ಟುಡಿಯೋ ನಡಸೀನಿ.
'ಗದ್ದ ಎತ್ರಿ. ಕಿವಿ ಕಾಣ್ಲಿ. ಉಸುರು ಹಿಡೀರಿ.'
ರೇಶನ್ ಕಾರ್ಡಿನವರು, ಬಸ್ ಪಾಸಿನ ಹುಡುಗರು,
ನೇಕಾರ ಸಂಘದ ಪೆನ್ಶನ್ ಮುದುಕರು,
ಎಲ್ಲಾರೂ ಹಿಡದಾರ.
ನೊಣ ಹಿಡಿಯೂದಿಲ್ಲ.

ಎಲ್ಲಾರ ಕಿಸೇದಾಗೂ ಮೊಬೈಲು ಬಂದು
ಅಂಗಡಿ ಬಣಬಣ ಅಂದಮ್ಯಾಲೆ
ಹಳೇ ಲೆನ್ಸು ತಿರುವಿ ಹಚ್ಚಿ ಹಿತ್ತಲಕ ಹೋದೆ.
ಹೂವಿಗೆ ಬಿಟ್ಟ ಸಬ್ಬಸಗಿ, ಉದುರಿ ಹುಳತ ಪೇರಲ ಹಣ್ಣು.
ಕಪ್ಪತಗುಡ್ಡದ ಕಡಿಂದ ಗಾಳಿ.
ಮೊದಲನೇ ದಿನ ನಲವತ್ತು ಫೋಟೋ;
ನಲವತ್ತರಾಗೂ ಬರೇ ಸಬ್ಬಸಗಿ.

ಎಂಟನೇ ದಿನ ಒಂದು ಸಿಕ್ತು.
ಹಳದಿ ಕರಿ ಪಟ್ಟಿ,
ಗಾಳಿಯೊಳಗ ಮೊಳಿ ಬಡದು ತೂಗಹಾಕಿದಂಗ ನಿಂತಿತ್ತು.
'ಕಣಜರಿ ಅದು, ಕಡೀತದ, ಒಳಗ ಬರ್ರಿ' ಅಂದ್ಲು ಚಂಪಾ.
ಧಾರವಾಡಕ್ಕ ಕಳಿಸಿದೆ, ಕೃಷಿ ಕಾಲೇಜಿನ ಉಪಾಧ್ಯೆ ಮೇಡಂಗ.
'ರೆಕ್ಕಿ ಎಣಸ್ರಿ' ಅಂತ ಇಷ್ಟ ಬಂತು ಉತ್ತರ.

ಎರಡು.

ಕಣಜಕ್ಕಾದರ ನಾಕಂತ.
ಇದರ ಹಿಂದಿನ ಜೋಡಿ ಸವದು ಸವದು
ಎರಡು ಗುಂಡುಸೂಜಿ ತಲಿಯಷ್ಟ ಉಳದಾವ,
ಹಾರೂವಾಗ ತೋಲ ತಪ್ಪದಂಗ ನೋಡಕೊಳ್ಳಾಕ.
ಮುಳ್ಳಿಲ್ಲ, ವಿಷ ಇಲ್ಲ,
ಫೌಜದಾರನ ಅಂಗಿ ತೊಟ್ಟ ಬಡಪಾಯಿ.
ಕಣ್ಣೆರಡೂ ನೆತ್ತಿಮ್ಯಾಲೆ ಕೂಡಿದ್ರ ಗಂಡು,
ನಡುವ ಬೈತಲಿ ತಗದಿದ್ರ ಹೆಣ್ಣು.
ಅವತ್ತಿಂದ ನಾನು ಗಿರಾಕಿಗಳ ಬೈತಲಿ ನೋಡಾಕ ಹತ್ತೀನಿ,
ಚಂಪಾಗ ಹೇಳಿಲ್ಲ.

ಆಮ್ಯಾಲೆ ಈ ಬೂದು ಬಣ್ಣದ್ದು.
ಬೆನ್ನಮ್ಯಾಲೆ ಮೂರು ಕರಿ ಗೆರಿ, ಕೆಂಪು ಕಣ್ಣು,
ಹೊಟ್ಟಿತುಂಬ ಚೌಕಡಿ.
ಮಗ್ಗದ ಸಕ್ಕೂಬಾಯಿ ಚಾಳೀಸು ಏರಿಸಿ ನೋಡಿ
'ಇದು ಯಾರ ಮಗ್ಗದ್ದೋ, ಎಳಿ ಎಲ್ಲೂ ತಪ್ಪಿಲ್ಲ' ಅಂದ್ಲು.
ಮೇಡಂ ಬರದ್ರು:
'ಮಾಂಸದ ನೊಣ. ಕುಟುಂಬ ಖರೆ. ಜಾತಿ ಬಹುಶಃ ಹೇಳಬಹುದು.
ಹೆಸರು ಫೋಟೋದಾಗ ತಿಳಿಯೂದಿಲ್ಲ.
ಗಂಡು ಹಿಡದು ಸ್ಪಿರಿಟ್ಟಿನಾಗ ಹಾಕಿ ಕಳಸ್ರಿ,
ಬಾಲದ ತುದಿ ಬಿಚ್ಚಿ ನೋಡಬೇಕು.'

ನಮ್ಮ ಓಣ್ಯಾಗ ಹಿಂಗಿಲ್ಲ.
ಹೆಸರು ಕೇಳತಾರ, ಅಡ್ಡಹೆಸರು ಕೇಳತಾರ,
ಜಾತಿ ತಾವ ತಿಳಕೊಂಡು
ಚಾದ ಕಪ್ಪು ಆರಸತಾರ.
ಇಲ್ಲಿ ನೋಡಿದ್ರ ಜಾತಿ ಸಿಕ್ಕದ,
ಹೆಸರು ಸಿಗವಲ್ದು.

ಕೊರಿಯರದಾಗ ಆರು ಸಣ್ಣ ಶೀಶೆ ಬಂದ್ವು.
ಹೊಡಿಯಾಕ ಬರೂದಿಲ್ಲ ಅಂತಲ್ಲ.
ಮಾವಿನ ದಿನದಾಗ ಪೇಪರ್ ಮಡಚಿ
ಎಷ್ಟು ಹೊಡದೀನೋ ಲೆಕ್ಕ ಇಟ್ಟಿಲ್ಲ.
ಆದರ ಫೋಟೋಕ್ಕಂತ ಮುಂದ ಕುಂತವರನ್ನ...
ಕೈ ಏಳಲಿಲ್ಲ.
ಈಗ ಆ ಶೀಶೆದಾಗ ಚಂಪಾ ಲವಂಗ ಇಟ್ಟಾಳ.

ಪ್ರಿಂಟು ಹಾಕೀನಿ, ರೂಢಿಯಂಗ ಹಾಳಿಗೆ ಎಂಟು.
ಹಿಂದ ಪೆನ್ಸಿಲ್ಲಿನಾಗ ಬರದೀನಿ:
ಹೆಸರು: ಖಾಲಿ.
ಗಂಡೋ ಹೆಣ್ಣೋ: ಗೊತ್ತಿಲ್ಲ.
ವಾಸ: ಬೆಟಗೇರಿ, ಸಬ್ಬಸಗಿ ಮಡಿ, ಮುಂಜಾನೆ ಏಳೂವರಿ.
ಗುರ್ತು: ಬಲಗಡೆ ರೆಕ್ಕಿ ತುದಿ ಹರದದ.

ನಿನ್ನೆ ಮತ್ತ ಬಂದಿತ್ತು,
ಆ ಹರಕ ರೆಕ್ಕೀದು.