ಪೇಡೇದ ಡಬ್ಬಿ

ನಮ್ಮ ಕಡೆ ಅದಕ್ಕ ರೋಗದ ಹೆಸರಿಲ್ಲ,
ಊರಿನ ಹೆಸರೈತಿ.
'ಇವಂಗ ಧಾರವಾಡಕ್ಕ ಹಾಕ್ರಿ' ಅಂದ್ರ
ಕಾಲೇಜಿಗಲ್ಲ ಅಂತ ಎಲ್ಲಾರಿಗೂ ತಿಳೀತೈತಿ.
ಹುಬ್ಬಳ್ಳಿ ರೈಲ್ವೆ ವರ್ಕಶಾಪಿನ ಕ್ಯಾಂಟೀನಿನಾಗ
ಈ ಮಾತು ಉಪ್ಪಿನಕಾಯಿದ್ದಂಗ,
ದಿನಾ ಒಬ್ಬರ ತಾಟಿಗೆ ಬೀಳತಿತ್ತು.
ಬಡಸಾಂವ ಹೊಂಬಳ.
ನಗಾವ್ರು ನಾವು ಹದಿನಾಲ್ಕು ಮಂದಿ.
ಸುಳ್ಳ್ಯಾಕ ಹೇಳಲಿ, ನನ್ನ ಸರತಿ ಬರಬಾರದಂತ
ನಾನು ಸ್ವಲ್ಪ ಜೋರಽ ನಕ್ಕೇನಿ.

ನಾ ಗಾಲಿ ಶಾಪಿನಾಂವ.
ಸುತ್ತಿಗಿಲೆ ಗಾಲಿ ಬಡದು ಕೇಳೂದು ನನ್ನ ಕೆಲಸ:
ಠಣ್ ಅಂದ್ರ ಸೈ, ಧಪ್ ಅಂದ್ರ ಒಳಗ ಸೀಳೈತಿ.
ಮೂವತ್ತು ವರ್ಷ ಕಿವಿ ತಪ್ಪಿಲ್ಲ.
ಹೋದ ಆಷಾಢದಾಗ
ಎತ್ತಿದ ಕೈ ಮ್ಯಾಲೇ ನಿಂತು,
ಎದಿಯೊಳಗ ಯಾರೋ ಶಂಟಿಂಗ್ ಶುರು ಮಾಡಿದ್ರು.
ಇಸಿಜಿ ಚಲೋ ಬಂತು.
ಅದಽ ಹೆದರಿಕಿ ಆತು.

ಎರಡು ವಾರಕ್ಕೊಮ್ಮೆ, ಗುರುವಾರ,
ಚಿಗರಿ ಬಸ್ಸಿನ ಹಿಂದಿನ ಸೀಟು.
ಉಣಕಲ್ಲ ಕೆರಿ ದಾಟೂತನಕ ಮುಖದ ಮುಂದ ಪೇಪರು.
ಆಟೋದವಂಗ 'ದವಾಖಾನಿ' ಅನ್ನಲಿಲ್ಲ,
ಅದರಾಚೆ ಇರೂ ಗಿರಣಿ ಹೆಸರು ಹೇಳಿ
ಅಲ್ಲಿಂದ ಹಿಂದಕ್ಕ ನಡೀತಿದ್ದೆ,
ದಾರಿ ತಪ್ಪಿದವರಂಗ.
ಬರೂವಾಗ ಪಾವ್ ಕಿಲೋ ಪೇಡೆ.
'ಎಲ್ಲಿಗೆ ಹೋಗಿದ್ದಿ?' 'ಪೇಡೆ ತರಾಕ.'
ಖಾಲಿ ಡಬ್ಬಿಯೊಳಗ ಮಗಳು ಗುಂಡಿ, ದಾರ ತುಂಬಿದ್ಲು.
ಮನೀಯಾಕಿಗೆ ಶುಗರ್ ಬಂತು, ಪೇಡೆ ನಿಲ್ಲಲಿಲ್ಲ.
ಉಳಿದದ್ದು ಕ್ಯಾಂಟೀನಿಗೆ ಒಯ್ದೆ.

ಗುಳಿಗಿ ಬರದಾವ್ರು ಡಾಕ್ಟರು.
ಉಜ್ವಲಾ ಮೇಡಂ ಒಂದು ಖಾಲಿ ಹಾಳಿ ಕೊಟ್ರು.
ನಿಮ್ಮ ಕ್ಯಾಂಟೀನಿನ ಟೇಬಲ್ ಬರೀರಿ,
ಯಾರು ಎಲ್ಲಿ ಕೂಡತಾರ, ಯಾರು ಮೊದಲ ನಗತಾರ,
ಯಾರ ಮುಖ ನೋಡಿ ಯಾರು ನಗತಾರ.
ಹದಿನೈದು ಸೊನ್ನಿ ಬರದೆ, ನಡುವ ಬಾಣ.
'ಇದರಾಗ ನಿದ್ದಿ ಇಲ್ಲದಾವ್ರು?'
'ನಾನೊಬ್ಬಾಂವ ರೀ.'
'ಕೇಳೀರೇನು?'
ಕೇಳಿರಲಿಲ್ಲ.
'ನಿಮಗ ಯಾರರೆ ಕೇಳ್ಯಾರೇನು?'
ಮುಂದ ಅವರು ಏನೂ ಅನ್ನಲಿಲ್ಲ.
ಫ್ಯಾನು ಕಿರ್ ಕಿರ್ ಅಂತ ತಿರಗತಿತ್ತು,
ಬೇರಿಂಗ್ ಹೋಗಿತ್ತು ಅದರದ್ದು.

ಮುಂದಿನ ಸಲ ದುಂಡಗ ಹಾಕಿದ ಎಂಟು ಖುರ್ಚಿ.
ಕಿಡಕಿ ಕಡೆಯ ಖುರ್ಚಿಯೊಳಗ,
ತೊಡಿ ಮ್ಯಾಲೆ ಪೇಡೇದ ಡಬ್ಬಿ ಇಟ್ಟಕೊಂಡು,
ಹೊಂಬಳ.

ಇಬ್ರೂ ನೆಲದ ಫರಸಿ ಎಣಿಸಿದ್ವಿ.
ಆಮ್ಯಾಲೆ ಅಂವ ಮೆಲ್ಲಕ ಅಂದ:
'ಬರೂವಾಗಽ ತೊಗೊಂಡ್ರ ಚಲೋ ಮಾರಾಯಾ,
ಸಂಜೀಕ ಅಂಗಡ್ಯಾಗ ಪಾಳಿ ಭಾಳ.'
ಮೂರು ವರ್ಷದ ಅನುಭವ ಅವಂದು.

ತಿರಿಗಿ ಬರೂವಾಗ, ನವಲೂರ ದಾಟಿದ ಮ್ಯಾಲೆ,
ಆ ವರ್ಷ ಕ್ಯಾಂಟೀನಿಗೆ ಬಂದ ಡಬ್ಬಿ ಲೆಕ್ಕ ಹಾಕಿದ್ವಿ.
ನಂದು. ಅವಂದು. ಪೇಂಟ್ ಶಾಪಿನ ಫರ್ನಾಂಡಿಸ್ ಮಾಮಾಂದು.
ಸ್ಟೋರಿನ ಕಿತ್ತೂರಮಠಂದೂ ಹಿಡೀಬೇಕೋ ಬ್ಯಾಡೋ?
ಅವನ ಮಗಳು ಅಲ್ಲೇ ಓದತಾಳ,
ಅಂವಂದು ಬರೇ ಪೇಡೆ ಇದ್ದೀತು.

ಮೊನ್ನೆ ಶನಿವಾರ ಅಪ್ರೆಂಟಿಸ್ ಹುಡುಗ ದಾವಲ್
ಟೇಬಲ್ ತುದಿಗೆ ಒಂದು ಡಬ್ಬಿ ಇಟ್ಟ.
'ಸುಮ್ನ ಹೋಗಿದ್ದೆ ರೀ.'
ಯಾರೋ ಹಳೇ ಮಾತಿಗೆ ಬಾಯಿ ತೆಗೆದ್ರು,
ಉಳಿದಾವ್ರು ನಗಾಕ ತಯಾರಾಗಿ
ಹೊಂಬಳನ ಮುಖ ನೋಡಿದ್ರು.
ಹೊಂಬಳ ಒಂದು ಪೇಡೆ ಮುರದ,
ಅರ್ಧ ತನ್ನ ಬಾಯಿಗೆ, ಅರ್ಧ ನನ್ನ ತಾಟಿಗೆ.
'ಗುರುವಾರ ನಾವಿಬ್ರೂ ದವಾಖಾನಿಗೆ ಹೊಂಟೇವಿ,' ಅಂದ
ಎಲ್ಲಾರಿಗೂ ಕೇಳೂವಂಗ,
'ಬರತಿದ್ರ ಮೂರು ಟಿಕೆಟ್ ತಗಸೂಣು.'
ಸ್ವಲ್ಪ ಹೊತ್ತು
ರೊಟ್ಟಿ ಮುರಿಯೂ ಸಪ್ಪಳಷ್ಟಽ.
ಫರ್ನಾಂಡಿಸ್ ಮಾಮಾ ಬೆಂಚಿನ ಮ್ಯಾಲೆ ಸರದು
ಹುಡುಗನಿಗೆ ಜಾಗಾ ಮಾಡಿದ.

ಗುಳಿಗಿ ಬಿಟ್ಟಿಲ್ಲ ನಾನು.
ಒಮ್ಮೊಮ್ಮೆ ಈಗೂ ನಿದ್ದಿ ಹತ್ತೂದಿಲ್ಲ.
ರಾತ್ರಿ ಎರಡಕ್ಕ ಯಾರ್ಡಿನಾಗ ಗೂಡ್ಸ್ ಗಾಡಿ ಕೂಗಿದ್ರ
ಎದ್ದು ಕುಂಡರತೇನಿ.
ಗೋಪನಕೊಪ್ಪದಾಗ ಹೊಂಬಳನೂ ಎದ್ದಿರಬೇಕು,
ಗಣೇಶಪೇಟ್ಯಾಗ ಆ ಹುಡುಗ.
ಫೋನ್ ಹಚ್ಚೂದಿಲ್ಲ.
ಹಚ್ಚಿದ್ರ ಎತ್ತತಾರ ಅಂಬೂದು ಗೊತ್ತೈತಿ.