ಆರು ಸೆಡಿ

ಟಕೊರಾಡಿಯ ಮಾರ್ಕೆಟ್ ವೃತ್ತದಲ್ಲಿ
ಅಂಗಡಿಗಳಿಗೆಲ್ಲ ದೇವರದೇ ಹೆಸರು.
‘ಆತನೇ ಬಲ್ಲ’ ಟೈರ್ ಪಂಚರ್,
‘ಹೊಸ ಯೆರೂಸಲೇಮ್’ ಬ್ಯೂಟಿ ಸಲೂನ್,
‘ಕುರಿಮರಿಯ ಕೃಪೆ’ ಕೋಲ್ಡ್ ಸ್ಟೋರ್
(ಅಲ್ಲಿ ಮೀನಿನ ತೂಕ ಯಾವತ್ತೂ ಒಂದಿಷ್ಟು ಕಡಿಮೆ).
ನನ್ನದು ‘ತಡವಾದರೂ ಬರುವನು’ ಟೈಲರ್ಸ್.
ಹೇಳಿದ ದಿನ ಬಟ್ಟೆ ಕೊಡದವನಿಗೆ
ಇದಕ್ಕಿಂತ ಒಪ್ಪುವ ಹೆಸರು ಸಿಗಲಿಲ್ಲ.

ಪಕ್ಕದಲ್ಲಿ ಅರಾಬಾ ಕ್ವಾನ್ಸಾಳ ಹಳದಿ ಗೂಡು.
ಅದಕ್ಕೆ ಹೆಸರೇ ಇಲ್ಲ.
ಒಂದು ಕೊಡೆ, ಒಂದು ಮೇಜು, ಎರಡು ಫೋನು.
ಊರಿನ ದುಡ್ಡೆಲ್ಲ ಅವಳ ಬೆರಳ ತುದಿಯಲ್ಲಿ
ಹಾದುಹೋಗುತ್ತದೆ, ನಿಲ್ಲುವುದಿಲ್ಲ.

ಒಂದು ಶುಕ್ರವಾರ ಸಂಜೆ ಅವಳ ಸ್ವಂತ ಫೋನಿಗೆ
ಯಾರಿಂದಲೋ ಎಂಟುನೂರ ಇಪ್ಪತ್ತು ಸೆಡಿ.
ಒಂದು ಅಂಕಿ ತಪ್ಪಿ ಬಂದದ್ದು.
ಮಗ ಎಕೋವ್‌ನ ಪರೀಕ್ಷೆ ಫೀಸು ಎಂಟುನೂರು.
ನನ್ನ ಹೊಲಿಗೆ ಯಂತ್ರದ ಮೇಲೆ ಫೋನಿಟ್ಟು ಕೇಳಿದಳು:
‘ಇದು ಉತ್ತರವೋ, ಪರೀಕ್ಷೆಯೋ?’
ನಾನು ಹುಡುಗನ ಫೀಸಿನ ಮಾತೆಂದುಕೊಂಡು
‘ಹೂಂ, ಪರೀಕ್ಷೆಗೇ’ ಎಂದೆ,
ಬಾಯಿ ತುಂಬ ಗುಂಡುಸೂಜಿ.

ಶನಿವಾರ ಆ ನಂಬರು ಮೂರು ಸಲ ಕರೆಯಿತು.
ಅವಳು ಫೋನನ್ನು ಬೋರಲಾಗಿಟ್ಟಳು;
ಅದು ಮೇಜಿನ ಮೇಲೆ
ಕವುಚಿಬಿದ್ದ ಜೀರುಂಡೆಯಂತೆ ಗುಂಯ್‌ಗುಟ್ಟಿ ತಿರುಗಿತು.
‘ದಶಮಾಂಶ ತೆಗೆದಿಟ್ಟುಬಿಡು,
ಎಂಬತ್ತೆರಡು ಆತನಿಗೆ, ಉಳಿದದ್ದು ಹುಡುಗನಿಗೆ.’
ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ, ಆ ಸಲಹೆ ನನ್ನದೇ.

ಭಾನುವಾರ ಚರ್ಚಿನಲ್ಲಿ ಡೋಲು, ಬಿಳಿ ಕರವಸ್ತ್ರಗಳು.
ಹುಟ್ಟಿದ ವಾರದ ಪ್ರಕಾರ ಕಾಣಿಕೆಗೆ ಕರೆಯುತ್ತಾರೆ ನಮ್ಮಲ್ಲಿ.
‘ಮಂಗಳವಾರದವರು!’ ಎಂದರು ಪಾಸ್ಟರ್.
ಅರಾಬಾ ಎದ್ದಳು,
ಎರಡು ಹೆಜ್ಜೆ ಕುಣಿದಳು,
ಕುಳಿತುಬಿಟ್ಟಳು.
ಮಂಡಿ ನೋವೆಂದಳು.

ಸೋಮವಾರ ತಾನೇ ಕರೆ ಮಾಡಿದಳು.
ಆ ಕಡೆ ಬಾವ್ಕುವಿನ ಈರುಳ್ಳಿ ವ್ಯಾಪಾರಿ, ಮುಮುನಿ ಅಂತೆ.
ಲಾರಿ ಬಾಡಿಗೆಗೆಂದು ಕಳಿಸಿದ್ದ ದುಡ್ಡು.
ದುಡ್ಡು ಮುಟ್ಟದೆ ಚಾಲಕ ಕದಲಲಿಲ್ಲ,
ಮೂರು ದಿನ ಟಾರ್ಪಾಲಿನಡಿ ಬೆಂದ ಮೂಟೆಗಳು
ಈಗ ಅರ್ಧಕ್ಕರ್ಧ ಕೊಳೆತಿವೆ.
ಬೈಯಲಿಲ್ಲ ಆತ. ತನ್ನ ದೇವರ ಹೆಸರಲ್ಲಿ
ಅವಳನ್ನೂ ಮಗನನ್ನೂ ಹುಟ್ಟಲಿರುವ ಮೊಮ್ಮಕ್ಕಳನ್ನೂ
ಒಂದೇ ಉಸಿರಲ್ಲಿ ಹರಸಿದ.

ಕಳಿಸಿದಳು. ಆದರೆ
ಕಳಿಸುವ ಖರ್ಚೆಂದು ಆರು ಸೆಡಿ ಮುರಿದುಕೊಂಡು.
ಅದು ನ್ಯಾಯವೇ ತಾನೆ? ನಾನೂ ಹಾಗೇ ಅಂದೆ.

ಕೊಡೆ ಮಡಿಚಿದಳು, ಮೇಜು ಎತ್ತಿದಳು.
ರಸ್ತೆ ದಾಟಿ, ಬೇಯಿಸಿದ ಕೆಂಕೆ ಕೊಂಡು,
ಅರ್ಧ ದಾರಿಯಿಂದ ವಾಪಸು ಬಂದಳು.
ಕತ್ತಲಲ್ಲಿ ನಿಂತೇ ಆ ಆರನ್ನು ಕಳಿಸಿದಳು,
ಅದಕ್ಕೆ ತಗುಲಿದ ಚಿಲ್ಲರೆಯನ್ನು ತಾನೇ ತೆತ್ತು.
ಆಮೇಲೆ, ನನ್ನನ್ನು ಕೇಳಿದಳೋ, ಮೇಲಿನವನನ್ನೋ:
‘ಕೊಳೆತ ಈರುಳ್ಳಿಯನ್ನು ಯಾವ ನಂಬರಿಗೆ ಕಳಿಸಲಿ?’

ಯಾರೂ ಉತ್ತರಿಸಲಿಲ್ಲ. ಲಾರಿಯೊಂದು ಹಾರ್ನ್ ಹಾಕಿತು.

ಈಗವಳು ರಾತ್ರಿ ಹತ್ತರವರೆಗೂ ಕೂರುತ್ತಾಳೆ,
ಫೀಸನ್ನು ಕಂತಿನಲ್ಲಿ ಕಟ್ಟುತ್ತಾಳೆ.
ಗೂಡಿಗೆ ಇನ್ನೂ ಹೆಸರಿಟ್ಟಿಲ್ಲ.

ನನ್ನ ಡ್ರಾಯರಿನಲ್ಲಿ ಪಾಸ್ಟರಮ್ಮನ ಬಟ್ಟೆಯಲ್ಲಿ
ಉಳಿಸಿಕೊಂಡ ಒಂದೂವರೆ ಗಜವಿದೆ, ನೀಲಿ, ಒಳ್ಳೆ ಮಾಲು.
ಆವತ್ತು ಸುಮ್ಮನೆ ಎಳೆದು ನೋಡಿದೆ,
ನೋಡಿ ಮುಚ್ಚಿದೆ.
ಪೂರ್ತಿ ಮುಚ್ಚಲಿಲ್ಲ ಅದು.
ಬಟ್ಟೆಯ ತುದಿ ಸಿಕ್ಕಿಕೊಂಡಿತ್ತು.